ಕಯೋಟಿ ಬೇಟೆಗೆ ಯಾವ ಸ್ಕೋಪ್? ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲಸಕ್ಕೆಂದು ಅಮೆರಿಕಕ್ಕೆ ಹೋಗಿ, ಅಲ್ಲಿನ ಗೆಳೆಯರ ಜೊತೆ ಮೊದಲ ಸಲ ಕಯೋಟಿ ಬೇಟೆಗೆ ಹೊರಡುವ ಕನ್ನಡಿಗರು ಕೇಳುವ ಪ್ರಶ್ನೆಗಳಿವು. ರೈಫಲ್ ಆರಿಸುವುದು ಅಷ್ಟು ಕಷ್ಟವಲ್ಲ. .223 ರೆಮಿಂಗ್ಟನ್, .22-250, .243 ವಿಂಚೆಸ್ಟರ್, ಈ ಅಳತೆಯ ಗುಂಡು ಹಾರಿಸುವ ಯಾವುದಾದರೂ ಸಾಕು. ತಲೆ ಕೆಡುವುದು ಸ್ಕೋಪ್, ಅಂದರೆ ಗುರಿ ಇಡಲು ರೈಫಲ್ ಮೇಲೆ ಕೂರಿಸುವ ದುರ್ಬೀನು, ಕೊಳ್ಳಲು ಹೋದಾಗ. ಅಂಗಡಿಯಲ್ಲಿ ನೂರಾರು ಇರುತ್ತವೆ, ಪ್ರತಿಯೊಂದರ ಮೇಲೂ ಅಂಕಿಗಳ ಸಾಲು. ಕೆಳಗಿನ ಉತ್ತರಗಳಲ್ಲಿ ನಾನು ಮತ್ತೆ ಮತ್ತೆ ಹೇಳುವುದು ಒಂದೇ ಮಾತು: ಅಲ್ಲಿ ಬರೆದ ಚಿಕ್ಕ ಅಂಕಿಯನ್ನು ಮೊದಲು ನೋಡಿ.

ಕಯೋಟಿ ಅಂದ್ರೆ ಎಷ್ಟು ದೊಡ್ಡ ಪ್ರಾಣಿ? ಸ್ಕೋಪ್ ಆರಿಸಲು ಅದು ಯಾಕೆ ಗೊತ್ತಿರಬೇಕು?

ನಾಯಿಯ ಜಾತಿಗೆ ಸೇರಿದ ಪ್ರಾಣಿ. ನಮ್ಮ ಗುಳ್ಳೆನರಿಗಿಂತ ದೊಡ್ಡದು, ತೋಳಕ್ಕಿಂತ ಚಿಕ್ಕದು. ತೂಕ ಸಾಮಾನ್ಯವಾಗಿ 9ರಿಂದ 20 ಕಿಲೋ. ಪೂರ್ವದ ರಾಜ್ಯಗಳಲ್ಲಿ ಸ್ವಲ್ಪ ದಪ್ಪ, ಪಶ್ಚಿಮದ ಒಣ ನಾಡಿನಲ್ಲಿ ತೆಳ್ಳಗೆ. ಒಂದು ಕಾಲಕ್ಕೆ ಪಶ್ಚಿಮ ಮತ್ತು ಮಧ್ಯದ ಬಯಲುಗಳಲ್ಲಿ ಮಾತ್ರ ಇತ್ತು. ತೋಳಗಳನ್ನು ಕೊಂದು ಮುಗಿಸಿ, ಕಾಡು ಕಡಿದು ಹೊಲ ಮಾಡಿದ ಮೇಲೆ ದೇಶದ ತುಂಬಾ ಹರಡಿತು. ಕುರಿಮರಿ, ಕರುಗಳನ್ನು ಹಿಡಿಯುತ್ತದೆ ಎಂದು ಜಾನುವಾರು ಸಾಕುವವರು ಅದನ್ನು ಹೊಡೆಯುತ್ತಾರೆ. ಚಳಿಗಾಲದ ಒತ್ತಾದ ತುಪ್ಪಳಕ್ಕಾಗಿ ಹೊಡೆಯುವವರೂ ಇದ್ದಾರೆ.

ಬೇಟೆಗಾರನಿಗೆ ಮುಖ್ಯವಾದ ಸಂಗತಿ ಬೇರೆ. ಜನವರಿಯ ಕಯೋಟಿ ನೋಡಲು ದೊಡ್ಡದು, ಆದರೆ ಅದರಲ್ಲಿ ಬಹುಪಾಲು ಕೂದಲು. ಎದೆಯಲ್ಲಿ ಹೃದಯ, ಶ್ವಾಸಕೋಶ ಇರುವ ಜಾಗ ನಾಲ್ಕೈದು ಇಂಚಿನ ವೃತ್ತ, ಅಷ್ಟೇ. ಗುಂಡು ಆ ವೃತ್ತದೊಳಗೆ ಬಿದ್ದರೆ ಪ್ರಾಣಿ ನಿಂತಲ್ಲೇ ಬೀಳುತ್ತದೆ. ಹೊರಗೆ ಬಿದ್ದರೆ ಗಾಯ ಹೊತ್ತು ಓಡಿ, ಎಲ್ಲೋ ನರಳಿ ಸಾಯುತ್ತದೆ. ಅದಾಗಬಾರದು. ಸ್ಕೋಪ್ ಆರಿಸುವಾಗ ಮಾಡುವ ಎಲ್ಲಾ ಲೆಕ್ಕವೂ ಆ ಒಂದು ವೃತ್ತಕ್ಕಾಗಿ.

ಎಷ್ಟು ಪಟ್ಟು ದೊಡ್ಡದಾಗಿ ಕಾಣಬೇಕು? 24 ಪಟ್ಟಿನದು ತಗೊಂಡ್ರೆ ಒಳ್ಳೇದಲ್ವಾ?

ಜನ ಹಣ ಜಾಸ್ತಿ ಕೊಟ್ಟು ತಪ್ಪು ವಸ್ತು ತರುವುದು ಇಲ್ಲೇ. ಸ್ಕೋಪ್ ಮೇಲೆ 3-9×40 ಅಂತ ಇದ್ದರೆ, ಮೂರರಿಂದ ಒಂಬತ್ತು ಪಟ್ಟಿನವರೆಗೆ ದೊಡ್ಡದು ಮಾಡಿ ತೋರಿಸುತ್ತದೆ, ಮುಂದಿನ ಗಾಜು 40 ಮಿಲಿಮೀಟರ್ ಅಗಲ ಎಂದರ್ಥ. 6-24×50 ನೋಡಿದ ಕೂಡಲೇ 24ರ ಮೇಲೆ ಕಣ್ಣು ಹೋಗುತ್ತದೆ. ನೋಡಬೇಕಾದದ್ದು ಆ 6ನ್ನು.

ಕಯೋಟಿ ಬೇಟೆ ಹೇಗೆ ನಡೆಯುತ್ತದೆ ಎಂದು ಒಮ್ಮೆ ಕಣ್ಮುಂದೆ ತಂದುಕೊಳ್ಳಿ. ನಸುಕಿನಲ್ಲಿ ಗಾಳಿ ಮುಖಕ್ಕೆ ಬೀಸುವಂತೆ ಒಂದು ಪೊದೆಗೆ ಬೆನ್ನು ಕೊಟ್ಟು ಕೂತಿರುತ್ತೀರಿ. ಮುಂದೆ ಐವತ್ತು ಗಜ ದೂರದಲ್ಲಿ ಇಟ್ಟ ಎಲೆಕ್ಟ್ರಾನಿಕ್ ಕಾಲರ್ (ಪ್ರಾಣಿಗಳ ಕೂಗು ಹೊರಡಿಸಿ ಕರೆಯುವ ಯಂತ್ರ) ಗಾಯಗೊಂಡ ಮೊಲದಂತೆ ಚೀರುತ್ತಿರುತ್ತದೆ. ಹತ್ತು ನಿಮಿಷ ಏನೂ ಇಲ್ಲ. ಆಮೇಲೆ ಬಲಗಡೆ ಹಳ್ಳದ ದಂಡೆಯಿಂದ ಬೂದು ಬಣ್ಣದ ಏನೋ ಒಂದು ಎದ್ದು ಬರುತ್ತದೆ. ಅದು ನಿಲ್ಲುವುದಿಲ್ಲ. ಕಾಲರ್ ಕಡೆ ಓಡುತ್ತಲೇ ಗಾಳಿಯ ವಾಸನೆ ಹಿಡಿಯಲು ಸುತ್ತು ಹಾಕುತ್ತದೆ. ನಿಮ್ಮ ಕೈಯಲ್ಲಿರುವ ಸಮಯ ಕೆಲವೇ ಸೆಕೆಂಡು. ರೈಫಲ್ ಹೆಗಲಿಗೆ ಬಂದ ತಕ್ಷಣ ಪ್ರಾಣಿ ಸ್ಕೋಪಿನೊಳಗೆ ಕಾಣಬೇಕು.

ಈಗ ಲೆಕ್ಕ ನೋಡಿ. ಸಾಮಾನ್ಯ 3-9 ಸ್ಕೋಪಿನಲ್ಲಿ ಮೂರು ಪಟ್ಟಿಗೆ ಇಟ್ಟರೆ, 100 ಗಜ ದೂರದಲ್ಲಿ ಸುಮಾರು 33 ಅಡಿ ಅಗಲದ ಜಾಗ ಕಾಣುತ್ತದೆ. ಒಂಬತ್ತಕ್ಕೆ ತಿರುಗಿಸಿದರೆ 13–14 ಅಡಿ. 12 ಪಟ್ಟಿನಲ್ಲಿ ಒಂಬತ್ತು ಅಡಿಯ ಆಸುಪಾಸು. ಕಯೋಟಿ 40 ಗಜಕ್ಕೆ ಬಂದಿದ್ದರೆ ಆ ಒಂಬತ್ತು ಅಡಿ ಮೂರೂವರೆ ಅಡಿ ಆಗುತ್ತದೆ. ಮೂತಿಯಿಂದ ಬಾಲದ ತುದಿಯವರೆಗೆ ಕಯೋಟಿ ನಾಲ್ಕು ಅಡಿಗೂ ಉದ್ದ! ಅದರ ಪೂರ್ತಿ ಮೈ ಕೂಡ ಒಳಗೆ ಹಿಡಿಸುವುದಿಲ್ಲ. ಸುಮ್ನೆ ಹುಲ್ಲು ಕಾಣುತ್ತದೆ, ಆಮೇಲೆ ಒಂದಿಷ್ಟು ಕೂದಲು, ಮತ್ತೆ ಹುಲ್ಲು. ಅಷ್ಟರಲ್ಲಿ ಅದು ಹೋಗಿರುತ್ತದೆ.

ಹಾಗಾಗಿ ಚಿಕ್ಕ ಅಂಕಿ 2, 2.5 ಅಥವಾ 3 ಇರಲಿ. ಹೆಚ್ಚೆಂದರೆ 4. ದೊಡ್ಡ ಅಂಕಿ 9, 10, 12 ಯಾವುದಿದ್ದರೂ 300 ಗಜದವರೆಗೆ ಧಾರಾಳ. ಕೂತಾಗ ಸ್ಕೋಪ್ ಯಾವಾಗಲೂ ಚಿಕ್ಕ ಅಂಕಿಯ ಮೇಲೇ ಇರಬೇಕು. ಕಯೋಟಿ ದೂರದಲ್ಲಿ ನಿಂತರೆ ಪಟ್ಟು ಹೆಚ್ಚಿಸಲು ನಿಮಗೆ ಸಮಯ ಸಿಗುತ್ತದೆ. ಹತ್ತಿರಕ್ಕೆ ನುಗ್ಗಿ ಬಂದಾಗ ಕಡಿಮೆ ಮಾಡಲು ಸಿಗುವುದಿಲ್ಲ.

ನಮ್ಮ ಕಡೆ ಪೂರ್ತಿ ಕಾಡು. ಗೆಳೆಯ ಇರುವುದು ನೆಬ್ರಾಸ್ಕದ ಬಯಲಲ್ಲಿ. ಇಬ್ಬರಿಗೂ ಒಂದೇ ಸ್ಕೋಪ್ ಆಗುತ್ತಾ?

3-9×40 ಅಥವಾ 2.5-10 ಇಬ್ಬರಿಗೂ ನಡೆಯುತ್ತದೆ. ಆದರೆ ಜಾಗಕ್ಕೆ ತಕ್ಕ ಹಾಗೆ ಆರಿಸಿದರೆ ಇನ್ನೂ ವಾಸಿ. ಪೆನ್ಸಿಲ್ವೇನಿಯ, ಜಾರ್ಜಿಯ ಕಡೆಯ ಕಾಡಿನಲ್ಲಿ, ದಕ್ಷಿಣ ಟೆಕ್ಸಾಸಿನ ಮುಳ್ಳುಪೊದೆಗಳ ನಡುವೆ ನೂರು ಗಜ ದಾಟಿ ಕಣ್ಣು ಹಾಯುವುದೇ ಕಷ್ಟ. ಅಲ್ಲಿ 1-6×24 ಅಥವಾ 1-8×24 ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಒಂದು ಪಟ್ಟಿನಲ್ಲಿ ಎರಡೂ ಕಣ್ಣು ತೆರೆದು ಹೊಡೆಯಬಹುದು. ಒಂದೇ ಕೊರತೆ, ಚಿಕ್ಕ ಗಾಜಿನಿಂದಾಗಿ ಪಟ್ಟು ಹೆಚ್ಚಿಸಿದಂತೆ ಮಬ್ಬು ಬೆಳಕಿನಲ್ಲಿ ಚಿತ್ರ ಬೇಗ ಕಪ್ಪಾಗುತ್ತದೆ. ನೆಬ್ರಾಸ್ಕ, ವಯೋಮಿಂಗ್, ಪಶ್ಚಿಮ ಕನ್ಸಾಸ್‌ನಂಥ ಬಯಲಿನಲ್ಲಿ 3-15 ಅಥವಾ 4-16 ಇಟ್ಟುಕೊಳ್ಳಲು ಅರ್ಥವಿದೆ. ಅಲ್ಲೂ ಕಾಲರ್ ಸದ್ದಿಗೆ ಬರುವ ಕಯೋಟಿಗಳನ್ನು ಹೆಚ್ಚಾಗಿ 200 ಗಜದೊಳಗೇ ಹೊಡೆಯುತ್ತಾರೆ ಎಂಬುದು ನೆನಪಿರಲಿ.

ಮುಂದಿನ ಗಾಜು 50 ಮಿಲಿಮೀಟರ್ ಇದ್ದರೆ ಬೆಳಕು ಜಾಸ್ತಿ ಬರುತ್ತೆ ಅಂತಾರೆ?

ಬರುತ್ತದೆ, ಆದರೆ ಅದನ್ನು ನಿಮ್ಮ ಕಣ್ಣು ತೆಗೆದುಕೊಳ್ಳಬೇಕಲ್ಲ. ಗಾಜಿನ ಅಗಲವನ್ನು ಪಟ್ಟಿನಿಂದ ಭಾಗಿಸಿ. ಕಣ್ಣಿಗೆ ಬರುವ ಬೆಳಕಿನ ವೃತ್ತದ ಅಗಲ ಸಿಗುತ್ತದೆ. 40ನ್ನು 6ರಿಂದ ಭಾಗಿಸಿದರೆ 6.7 ಮಿಲಿಮೀಟರ್. ಮಬ್ಬಿನಲ್ಲಿ ಮನುಷ್ಯನ ಕಣ್ಣಿನ ಪಾಪೆ ಐದರಿಂದ ಏಳು ಮಿಲಿಮೀಟರ್ ತೆರೆಯುತ್ತದೆ, ವಯಸ್ಸಾದಂತೆ ಇನ್ನೂ ಕಡಿಮೆ. ಅಂದರೆ ಆರು ಪಟ್ಟಿನಲ್ಲಿ 40ರ ಗಾಜೇ ಸಾಕು. 50ರದ್ದು 8.3 ಕೊಟ್ಟರೂ ಹೆಚ್ಚಿನದು ದಂಡ. ಹದಿನಾರು ಪಟ್ಟಿನಲ್ಲಾದರೆ 44ರ ಗಾಜು ಕೊಡುವುದು ಬರೀ 2.75. ಕತ್ತಲಾಗುತ್ತಾ ಬಂದಾಗ ಪಟ್ಟು ಕಡಿಮೆ ಮಾಡಿದರೆ ಚಿತ್ರ ಬೆಳ್ಳಗಾಗುವುದು ಇದೇ ಕಾರಣಕ್ಕೆ.

ಗಾಜಿನ ಅಗಲಕ್ಕಿಂತ ಅದರ ಗುಣಮಟ್ಟ, ಮೇಲಿನ ಲೇಪನ ಮುಖ್ಯ. ಎಲ್ಲಾ ಗಾಜಿನ ಮೇಲೂ ಹಲವು ಪದರ ಲೇಪನ ಇದೆಯಾ ಅಂತ ಕೇಳಿ. ಸಾಧ್ಯವಾದರೆ ಸಂಜೆ ಹೊತ್ತು ಅಂಗಡಿಯ ಹೊರಗೆ ತಂದು ನೋಡಿ. ಟ್ಯೂಬ್‌ಲೈಟ್ ಕೆಳಗೆ ಎಲ್ಲಾ ಸ್ಕೋಪುಗಳೂ ಚೆನ್ನಾಗಿಯೇ ಕಾಣುತ್ತವೆ. 50ರ ಗಾಜಿಗೆ ಇನ್ನೊಂದು ತೊಂದರೆ: ಸ್ಕೋಪನ್ನು ಎತ್ತರಕ್ಕೆ ಕೂರಿಸಬೇಕಾಗುತ್ತದೆ, ಕೆನ್ನೆ ರೈಫಲ್ ಹಿಡಿಯ ಮೇಲೆ ಸರಿಯಾಗಿ ಕೂರುವುದಿಲ್ಲ.

ಫಸ್ಟ್ ಫೋಕಲ್ ಪ್ಲೇನ್, ಸೆಕೆಂಡ್ ಫೋಕಲ್ ಪ್ಲೇನ್: ಏನು ವ್ಯತ್ಯಾಸ?

ಫಸ್ಟ್‌ನಲ್ಲಿ ಪಟ್ಟು ಹೆಚ್ಚಿಸಿದಂತೆ ಒಳಗಿನ ಗೆರೆಗಳೂ (ರೆಟಿಕಲ್) ದೊಡ್ಡದಾಗುತ್ತವೆ. ಗೆರೆ ಮೇಲಿನ ಗುರುತುಗಳ ಲೆಕ್ಕ ಎಲ್ಲಾ ಪಟ್ಟಿನಲ್ಲೂ ಸರಿ ಇರುತ್ತದೆ. ಸೆಕೆಂಡ್‌ನಲ್ಲಿ ಗೆರೆ ಒಂದೇ ಗಾತ್ರ. ಅದರ ಗುರುತುಗಳು ಒಂದು ಪಟ್ಟಿನಲ್ಲಿ ಮಾತ್ರ, ಸಾಮಾನ್ಯವಾಗಿ ಅತಿ ಹೆಚ್ಚಿನದರಲ್ಲಿ, ಲೆಕ್ಕಕ್ಕೆ ಸರಿ ಹೊಂದುತ್ತವೆ.

ಕಯೋಟಿಗೆ ನನ್ನ ಆಯ್ಕೆ ಸೆಕೆಂಡ್. ಹತ್ತಿರದ ಬೇಟೆಗೆ ಚಿಕ್ಕ ಪಟ್ಟಿಗೆ ಇಟ್ಟಾಗ ಫಸ್ಟ್‌ನ ಗೆರೆಗಳು ತೀರಾ ತೆಳ್ಳಗಾಗಿ, ಮಬ್ಬಿನಲ್ಲಿ ಒಣ ಹುಲ್ಲಿನ ಮೇಲೆ ಕಾಣುವುದೇ ಇಲ್ಲ. ಫಸ್ಟ್ ಬೇಕೇ ಬೇಕು ಅನ್ನುವವರು ಗೆರೆಗೆ ದೀಪ ಇರುವುದನ್ನೇ ತಗೊಳ್ಳಿ. ಬಯಲಿನಲ್ಲಿ 300 ದಾಟಿ ಹೊಡೆಯುವ ಅಭ್ಯಾಸ ಇರುವವರಿಗೆ ಮಾತ್ರ ಅದು ನಿಜವಾಗಿ ಉಪಯೋಗ.

ಎಂಒಎ, ಮಿಲ್ ಎರಡರಲ್ಲಿ ಯಾವುದು?

ಯಾವುದಾದರೂ ಸರಿ. ಎರಡೂ ಗುರಿ ಎಷ್ಟು ಸರಿಸಬೇಕು ಎಂದು ಹೇಳುವ ಕೋನದ ಅಳತೆಗಳು. 100 ಗಜದಲ್ಲಿ ಒಂದು ಎಂಒಎ ಅಂದರೆ 1.047 ಇಂಚು, ಒಂದು ಮಿಲ್ ಅಂದರೆ 3.6 ಇಂಚು. ಗೆರೆಯೂ ಗುರಿ ಸರಿಸಲು ತಿರುಗಿಸುವ ಗುಂಡಿಯೂ ಒಂದೇ ಅಳತೆಯಲ್ಲಿರಲಿ. ಜೊತೆಗೆ ಬೇಟೆಗೆ ಬರುವವರು ಬಳಸುವ ಅಳತೆಯನ್ನೇ ನೀವೂ ಬಳಸಿದರೆ ಮಾತಾಡಿಕೊಳ್ಳಲು ಸುಲಭ.

ಗುಂಡಿಗಳಿಗೆ ಮುಚ್ಚಳ ಇರಲಿ. ತೆರೆದ ಗುಂಡಿಗಳು ಪಿಕಪ್ಪಿನ ಸೀಟಿಗೋ ಚೀಲಕ್ಕೋ ಉಜ್ಜಿ ತಿರುಗಿಬಿಡುತ್ತವೆ. ಲಾಕ್ ಇದ್ದರೆ ಪರವಾಗಿಲ್ಲ.

ಎಷ್ಟು ದೂರಕ್ಕೆ ಜೀರೋ ಮಾಡಬೇಕು?

200 ಗಜಕ್ಕೆ. ಜೀರೋ ಅಂದರೆ ಆ ದೂರದಲ್ಲಿ ಗೆರೆ ತೋರಿಸುವ ಜಾಗಕ್ಕೇ ಗುಂಡು ಬೀಳುವಂತೆ ಸ್ಕೋಪ್ ಹೊಂದಿಸುವುದು. .223ರಲ್ಲಿ 55 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡನ್ನು 200ಕ್ಕೆ ಜೀರೋ ಮಾಡಿದರೆ, 100 ಗಜದಲ್ಲಿ ಗುಂಡು ಸುಮಾರು ಒಂದೂವರೆ ಇಂಚು ಮೇಲೆ ಬೀಳುತ್ತದೆ. 250ರಲ್ಲಿ ಮೂರು ಇಂಚಿನಷ್ಟು ಕೆಳಗೆ, 300ರಲ್ಲಿ ಏಳೆಂಟು ಇಂಚು ಕೆಳಗೆ. ನಳಿಗೆಯ ಉದ್ದ, ಸ್ಕೋಪಿನ ಎತ್ತರದ ಮೇಲೆ ಇದು ಸ್ವಲ್ಪ ಆಚೀಚೆ ಆಗುತ್ತದೆ. ಎದೆಯ ಆ ನಾಲ್ಕೈದು ಇಂಚಿನ ವೃತ್ತವನ್ನು ನೆನೆಯಿರಿ. 200 ಗಜ ದಾಟಿ ಸ್ವಲ್ಪ ದೂರದವರೆಗೂ ನಟ್ಟ ನಡುವೆ ಗುರಿ ಇಟ್ಟರೆ ಸಾಕು, ಏನೂ ತಿರುಗಿಸಬೇಕಿಲ್ಲ. 250 ಆಚೆಗೆ ಕೆಳಗಿನ ಗುರುತುಗಳನ್ನು ಬಳಸಲೇಬೇಕು.

ಗಾಳಿಯನ್ನು ಮರೆಯಬೇಡಿ. ಗಂಟೆಗೆ ಹತ್ತು ಮೈಲಿ ವೇಗದ ಅಡ್ಡಗಾಳಿ ಇದೇ ಗುಂಡನ್ನು 200 ಗಜದಲ್ಲಿ ಸುಮಾರು ನಾಲ್ಕು ಇಂಚು ತಳ್ಳುತ್ತದೆ. 300ರಲ್ಲಿ ಒಂಬತ್ತಕ್ಕೂ ಹೆಚ್ಚು. ಬಯಲು ಸೀಮೆಯಲ್ಲಿ ಹತ್ತು ಮೈಲಿ ಗಾಳಿ ಅಂದರೆ ಶಾಂತವಾದ ದಿನ! ಅದಕ್ಕೇ ಅಡ್ಡ ಗೆರೆಯ ಮೇಲೂ ಕೆಲವು ಗುರುತು ಇರುವ ಸರಳ ರೆಟಿಕಲ್ ಒಳ್ಳೆಯದು. ಮರದ ಕೊಂಬೆಗಳಂತೆ ಗೆರೆ ತುಂಬಿದ್ದು ಬೇಡ, ಪ್ರಾಣಿಯೇ ಮುಚ್ಚಿಹೋಗುತ್ತದೆ.

ಗುಂಡಿನ ಕಂಪನಿ ಅಥವಾ ತೂಕ ಬದಲಿಸಿದರೆ ಮತ್ತೆ ಜೀರೋ ಮಾಡಿ. ಕ್ಯಾಲಿಫೋರ್ನಿಯದವರಿಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ. ಅಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡು ಬಳಸುವಂತಿಲ್ಲ. ತಾಮ್ರದ ಗುಂಡು ಅದೇ ರೈಫಲಿನಿಂದ ಬೇರೆ ಕಡೆ ಬೀಳಬಹುದು.

ಪ್ಯಾರಲಾಕ್ಸ್ ಹೊಂದಿಸುವ ಗುಂಡಿ ಬೇಕಾ?

ಕಣ್ಣು ಸ್ವಲ್ಪ ಸರಿದಾಗ ಗೆರೆ ಗುರಿಯ ಮೇಲಿಂದ ಜಾರಿದಂತೆ ಕಾಣುವುದೇ ಪ್ಯಾರಲಾಕ್ಸ್. 10 ಪಟ್ಟಿನವರೆಗೆ ಬೇಡ. ಹೆಚ್ಚಿನ ಬೇಟೆ ಸ್ಕೋಪುಗಳನ್ನು 100 ಅಥವಾ 150 ಗಜಕ್ಕೆ ಹೊಂದಿಸಿಯೇ ಕಳಿಸುತ್ತಾರೆ. 12 ದಾಟಿದರೆ ಇರಲಿ. ಸಣ್ಣ ಗುಂಡಿನ .22 ರಿಮ್‌ಫೈರ್‌ಗೆಂದು ಮಾಡಿದ ಸ್ಕೋಪ್ ಮಾತ್ರ ತರಬೇಡಿ, ಅದನ್ನು ಐವತ್ತು ಅರುವತ್ತು ಗಜಕ್ಕೆ ಹೊಂದಿಸಿರುತ್ತಾರೆ.

ರಾತ್ರಿ ಬೇಟೆಗೆ ಥರ್ಮಲ್ ಸ್ಕೋಪ್ ಕೊಳ್ಳಬಹುದಾ?

ಥರ್ಮಲ್ ಅಂದರೆ ಪ್ರಾಣಿಯ ಮೈ ಶಾಖದಿಂದ ಚಿತ್ರ ಮೂಡಿಸುವ ಸ್ಕೋಪ್. ಮೊದಲು ನಿಮ್ಮ ರಾಜ್ಯದ ಈ ವರ್ಷದ ನಿಯಮ ಓದಿ. ಟೆಕ್ಸಾಸಿನಲ್ಲಿ ಖಾಸಗಿ ಜಮೀನಿನಲ್ಲಿ ಮಾಲೀಕರ ಒಪ್ಪಿಗೆ ಇದ್ದರೆ ರಾತ್ರಿಯೂ ಕಯೋಟಿ ಹೊಡೆಯಬಹುದು, ಅಲ್ಲಿ ಅದಕ್ಕೆ ಸೀಸನ್ನೂ ಇಲ್ಲ, ಮಿತಿಯೂ ಇಲ್ಲ. ಕನ್ಸಾಸ್‌ನಲ್ಲಿ ಅದಕ್ಕೆ ಪ್ರತ್ಯೇಕ ಪರ್ಮಿಟ್ ಬೇಕು. ಕೆಲವು ರಾಜ್ಯಗಳಲ್ಲಿ ರಾತ್ರಿ ಬೇಟೆಯೇ ಇಲ್ಲ. ನಾರ್ತ್ ಕೆರೊಲಿನದ ಪೂರ್ವದ ಐದು ಕೌಂಟಿಗಳಲ್ಲಿ ಕೆಂಪು ತೋಳಗಳಿವೆ, ಕಾಡಿನಲ್ಲಿ ಉಳಿದಿರುವುದೇ ಬೆರಳೆಣಿಕೆಯಷ್ಟು. ಅವು ಕಯೋಟಿಯನ್ನೇ ಹೋಲುವುದರಿಂದ ಅಲ್ಲಿ ರಾತ್ರಿ ಕಯೋಟಿ ಬೇಟೆ ನಿಷಿದ್ಧ. ಅರಿಜೋನ, ನ್ಯೂ ಮೆಕ್ಸಿಕೊದಲ್ಲಿ ಮೆಕ್ಸಿಕನ್ ತೋಳ ಇದೆ. ಅದನ್ನು ಕೊಂದರೆ ಫೆಡರಲ್ ಅಪರಾಧ.

ಥರ್ಮಲ್ ಬಗ್ಗೆ ನನಗೆ ಇರುವ ದೊಡ್ಡ ಆತಂಕವೂ ಇದೇ. ಅದು ಶಾಖವನ್ನು ತೋರಿಸುತ್ತದೆ, ಮುಖವನ್ನಲ್ಲ. ಜಾಹೀರಾತಿನಲ್ಲಿ 1,800 ಗಜದ ಪತ್ತೆ ದೂರ ಅಂತ ಇರುತ್ತದೆ. ಅಷ್ಟು ದೂರದಲ್ಲಿ ಬೆಚ್ಚಗಿನದೇನೋ ಇದೆ ಎಂದು ಗೊತ್ತಾಗುತ್ತದೆ, ಅಷ್ಟೇ. ಅದು ಕಯೋಟಿಯೋ, ಕರುವೋ, ಪಕ್ಕದ ತೋಟದವರ ನಾಯಿಯೋ ಎಂದು ಗುರುತಿಸುವ ದೂರ ಅದರಲ್ಲಿ ಸಣ್ಣ ಪಾಲು. ಕುರಿ ಸಾಕುವವರು ಕಾವಲಿಗೆ ಗ್ರೇಟ್ ಪಿರನೀಸ್ ನಾಯಿಗಳನ್ನು ಮಂದೆಯ ಜೊತೆಯಲ್ಲೇ ಬಿಟ್ಟಿರುತ್ತಾರೆ. ರಾತ್ರಿ ಹೊತ್ತು ಕುರಿಗಳ ಅಂಚಿನಲ್ಲಿ ಸುತ್ತುವ ಬಿಳಿ ಆಕಾರ ಅದೇ ಆಗಿರಬಹುದು. ಓಡುವ ರೀತಿ, ಬಾಲ ಇಳಿಬಿಟ್ಟಿದೆಯಾ, ಕಿವಿ ಚೂಪಾಗಿದೆಯಾ, ಇಷ್ಟೂ ಸ್ಪಷ್ಟವಾಗುವ ತನಕ ಬೆರಳು ಟ್ರಿಗರ್ ಹತ್ತಿರ ಹೋಗಬಾರದು. ಹಿಂದೆ ಮನೆ, ರಸ್ತೆ ಇದೆಯಾ ಎಂಬುದೂ ಥರ್ಮಲ್‌ನಲ್ಲಿ ಸರಿಯಾಗಿ ಕಾಣುವುದಿಲ್ಲ. ಹಗಲಲ್ಲೇ ಜಾಗ ನಡೆದು ನೋಡಿ ಬನ್ನಿ.

ಕೊಳ್ಳುವುದಾದರೆ ಸೆನ್ಸರ್ ನೋಡಿ, ಅದರ ಅಡ್ಡ ಸಾಲಿನಲ್ಲಿ ಎಷ್ಟು ಚುಕ್ಕಿ (ಪಿಕ್ಸೆಲ್) ಇವೆ ಎಂದು. 640ರದ್ದು ಒಳ್ಳೆಯದು, 384ರದ್ದು ಸಾಧಾರಣ, 256ರದ್ದು ನೂರಿನ್ನೂರು ಗಜಕ್ಕೆ ಮಾತ್ರ. ಇಲ್ಲೂ ಚಿಕ್ಕ ಅಂಕಿಯೇ ಮುಖ್ಯ, ಅಂದರೆ ಜೂಮ್ ಮಾಡುವ ಮೊದಲಿನ ಪಟ್ಟು. ಥರ್ಮಲ್‌ನ ಜೂಮ್ ಡಿಜಿಟಲ್. ಎರಡು ಪಟ್ಟು ಜೂಮ್ ಮಾಡಿದರೆ 640 ಇದ್ದದ್ದು 320ರಂತೆ ಕಾಣುತ್ತದೆ. ಮಂಜು, ಮಳೆಯಲ್ಲಿ ಚಿತ್ರ ಮಂಕಾಗುತ್ತದೆ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ. ಬೆಲೆ ಸಾವಿರ ಡಾಲರ್ ಆಸುಪಾಸಿನಲ್ಲಿ ಶುರುವಾಗಿ ಐದು ಸಾವಿರ ದಾಟುತ್ತದೆ. ಮೊದಲ ವರ್ಷವೇ ಬೇಡ ಎಂಬುದು ನನ್ನ ಸಲಹೆ. ಹಗಲಲ್ಲಿ ಕಯೋಟಿ ಹೇಗೆ ಓಡುತ್ತದೆ, ಹೇಗೆ ನಿಂತು ನೋಡುತ್ತದೆ ಎಂದು ಕಣ್ಣಿಗೆ ಅಭ್ಯಾಸ ಆಗಲಿ.

ಸ್ಕೋಪಿನಿಂದಲೇ ಸುತ್ತ ಹುಡುಕಬಹುದಾ, ಬೈನಾಕ್ಯುಲರ್ ಬೇರೆ ಬೇಕಾ?

ಬೇಕು. ಸ್ಕೋಪಿನಲ್ಲಿ ನೋಡುವುದು ಅಂದರೆ ನೋಡುವ ಕಡೆಗೆಲ್ಲ ಗುಂಡು ತುಂಬಿದ ನಳಿಗೆ ತಿರುಗಿಸುವುದು. ಆ ಪೊದೆಯ ಹಿಂದೆ ಇನ್ನೊಬ್ಬ ಬೇಟೆಗಾರ ಕೂತಿರಬಹುದು. ನಿಮ್ಮ ಕಾಲರ್ ಸದ್ದಿಗೆ ಕಯೋಟಿಯಷ್ಟೇ ಅಲ್ಲ, ಬೇರೆ ಬೇಟೆಗಾರರೂ ಬರುತ್ತಾರೆ. ಥರ್ಮಲ್ ಬಳಸುವವರಿಗೂ ಕೈಯಲ್ಲಿ ಹಿಡಿದು ನೋಡುವ ಸ್ಕ್ಯಾನರ್ ಬೇರೆಯೇ ಇರಬೇಕು.

ಎಷ್ಟು ದುಡ್ಡು ಹಾಕಬೇಕು? ಯಾವ ಕಂಪನಿ?

300ರಿಂದ 500 ಡಾಲರ್‌ನಲ್ಲಿ ಹಗಲಿನ ಬೇಟೆಗೆ ಬೇಕಾದ್ದೆಲ್ಲ ಸಿಗುತ್ತದೆ. ಓರೆಗನ್‌ನ ಲ್ಯೂಪೋಲ್ಡ್, ವಿಸ್ಕಾನ್ಸಿನ್‌ನ ವೋರ್ಟೆಕ್ಸ್, ಕೊಲರಾಡೊದ ಬರಿಸ್, ಮೂರರಲ್ಲೂ ಈ ಬೆಲೆಗೆ ಒಳ್ಳೆಯ ಮಾದರಿಗಳಿವೆ. ಲ್ಯೂಪೋಲ್ಡ್‌ನ ವಿಎಕ್ಸ್-ಫ್ರೀಡಂ 3-9×40 ಸುಮಾರು 12 ಔನ್ಸ್ ತೂಗುತ್ತದೆ. ಫಸ್ಟ್ ಫೋಕಲ್ 4-16 ಸ್ಕೋಪುಗಳು ಅದರ ಎರಡರಷ್ಟು ತೂಗುವುದುಂಟು. ದಿನಕ್ಕೆ ಆರೇಳು ಜಾಗ ಬದಲಿಸುತ್ತಾ ನಡೆಯುವಾಗ ಆ ಭಾರ ಹೆಗಲಿಗೆ ಗೊತ್ತಾಗುತ್ತದೆ. ಲ್ಯೂಪೋಲ್ಡ್, ವೋರ್ಟೆಕ್ಸ್ ಎರಡೂ ಕಂಪನಿಗಳು ಸ್ಕೋಪ್ ಕೈ ಬದಲಾದರೂ ಜೀವನಪೂರ್ತಿ ರಿಪೇರಿ ಮಾಡಿಕೊಡುತ್ತವೆ. ಹಾಗಾಗಿ ಬಳಸಿದ್ದನ್ನು ಕೊಳ್ಳಲೂ ಅಂಜಬೇಕಿಲ್ಲ. ನಕಲಿ ಮಾಲು ಓಡಾಡುತ್ತಿರುತ್ತದೆ, ಬೆಲೆ ತೀರಾ ಕಡಿಮೆ ಕಂಡರೆ ಬಿಟ್ಟುಬಿಡಿ.

ಇರುವ ಹಣವನ್ನೆಲ್ಲ ಸ್ಕೋಪಿಗೇ ಸುರಿಯಬೇಡಿ. ಸ್ಕೋಪನ್ನು ರೈಫಲಿಗೆ ಹಿಡಿದಿಡುವ ಗಟ್ಟಿ ರಿಂಗ್‌ಗಳಿಗೆ ಸ್ವಲ್ಪ, ಅಭ್ಯಾಸದ ಗುಂಡುಗಳಿಗೆ ಸ್ವಲ್ಪ ಉಳಿಸಿ.

ನಾನೇ ಕೂರಿಸಬಹುದಾ?

ಖಂಡಿತ. ರೈಫಲ್ ಖಾಲಿ ಇದೆಯೇ ಎಂದು ಎರಡು ಸಲ ನೋಡಿ. ಸ್ಕೋಪನ್ನು ರಿಂಗ್‌ಗಳಲ್ಲಿ ಸಡಿಲವಾಗಿ ಇಡಿ, ಪಟ್ಟು ಅತಿ ಹೆಚ್ಚಿಗೆ ತಿರುಗಿಸಿ. ಬೇಟೆಗೆ ತೊಡುವ ದಪ್ಪ ಕೋಟನ್ನೇ ತೊಟ್ಟುಕೊಳ್ಳಿ. ಟೀಶರ್ಟಿನಲ್ಲಿ ಹೊಂದಿಸಿದ್ದು ಜನವರಿಯಲ್ಲಿ ಹೊಂದುವುದಿಲ್ಲ. ಕಣ್ಣು ಮುಚ್ಚಿ ರೈಫಲನ್ನು ಹೆಗಲಿಗೆ ತಂದು, ಕೆನ್ನೆ ಊರಿ, ಕಣ್ಣು ತೆರೆಯಿರಿ. ಅಂಚಿನಲ್ಲಿ ಕಪ್ಪು ನೆರಳು ಕಂಡರೆ ಸ್ಕೋಪನ್ನು ಸ್ವಲ್ಪ ಹಿಂದೆ ಮುಂದೆ ಸರಿಸಿ. ನೆರಳಿಲ್ಲದ ಪೂರ್ತಿ ವೃತ್ತ ಪ್ರತಿ ಸಲವೂ ತಾನಾಗಿ ಕಾಣುವವರೆಗೆ ಹೀಗೇ ಮಾಡಿ. ಸಾಮಾನ್ಯವಾಗಿ ಕಣ್ಣಿಗೂ ಗಾಜಿಗೂ ಮೂರೂವರೆ ಇಂಚಿನಷ್ಟು ಅಂತರ ಇರುತ್ತದೆ.

ಆಮೇಲೆ ದಾರಕ್ಕೆ ಭಾರ ಕಟ್ಟಿ ದೂರದಲ್ಲಿ ಇಳಿಬಿಡಿ. ರೈಫಲನ್ನು ಮಟ್ಟವಾಗಿ ನಿಲ್ಲಿಸಿ ಲಂಬ ಗೆರೆಯನ್ನು ಆ ದಾರಕ್ಕೆ ಹೊಂದಿಸಿ. ಸ್ಕ್ರೂಗಳನ್ನು ಒಂದೇ ಕಡೆಯಿಂದ ಬಿಗಿಸದೆ, ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಸುತ್ತಾ ಹೋಗಿ. ಟಾರ್ಕ್ ರೆಂಚ್ ಇರಲಿ. ರಿಂಗ್ ಸ್ಕ್ರೂಗಳಿಗೆ ಸಾಮಾನ್ಯವಾಗಿ 15ರಿಂದ 18 ಇಂಚ್-ಪೌಂಡ್, ರಿಂಗ್ ಮಾಡಿದವರು ಬೇರೆ ಹೇಳಿದ್ದರೆ ಅದೇ ಅಂತಿಮ. ಎಆರ್-15 ಮಾದರಿಯ ರೈಫಲ್ ಆದರೆ ಮುಂದಕ್ಕೆ ಚಾಚಿದ ಒಂದೇ ತುಂಡಿನ ಮೌಂಟ್ ತಗೊಳ್ಳಿ. ಇಲ್ಲದಿದ್ದರೆ ಸ್ಕೋಪ್ ಕಣ್ಣಿಗೆ ತೀರಾ ಹತ್ತಿರವಾಗುತ್ತದೆ.

ಎಚ್-1ಬಿ ವೀಸಾದಲ್ಲಿದ್ದೇನೆ. ರೈಫಲ್ ಇಟ್ಟುಕೊಳ್ಳಬಹುದಾ?

ಸ್ಕೋಪಿಗೂ ಮೊದಲು ತಿಳಿಯಬೇಕಾದದ್ದು ಇದು. ಎಚ್-1ಬಿ, ಎಫ್-1ನಂಥ ವಲಸೆಯೇತರ ವೀಸಾ ಮೇಲೆ ಬಂದವರು ಬಂದೂಕು, ಗುಂಡು ಹೊಂದುವಂತಿಲ್ಲ ಎನ್ನುತ್ತದೆ ಅಮೆರಿಕದ ಫೆಡರಲ್ ಕಾನೂನು. ಅದಕ್ಕೆ ಕೆಲವು ವಿನಾಯಿತಿಗಳಿವೆ. ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಕೈಯಲ್ಲಿರುವುದು ಅವುಗಳಲ್ಲೊಂದು. ಲೈಸೆನ್ಸಿನ ಅವಧಿ ಮುಗಿದರೆ ವಿನಾಯಿತಿಯೂ ಮುಗಿಯಿತು. ಗೆಳೆಯರ ಬಂದೂಕನ್ನು ಕೈಗೆ ತೆಗೆದುಕೊಳ್ಳುವಾಗಲೂ ಇದು ಅನ್ವಯಿಸುತ್ತದೆ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ. ರಾಜ್ಯದ ಕಾನೂನು ಬೇರೆ ಇರುತ್ತದೆ. ವೀಸಾ ಭವಿಷ್ಯದ ಪ್ರಶ್ನೆ ಇದು, ಒಮ್ಮೆ ವಕೀಲರನ್ನು ಕೇಳುವುದೇ ಕ್ಷೇಮ. ಲೈಸೆನ್ಸಿಗೆ ಹೆಚ್ಚಿನ ರಾಜ್ಯಗಳಲ್ಲಿ ಬೇಟೆ ತರಬೇತಿ ಮುಗಿಸಬೇಕು. ಟೆಕ್ಸಾಸಿನಲ್ಲಿ 1971ರ ಸೆಪ್ಟೆಂಬರ್ 2 ಅಥವಾ ಆಮೇಲೆ ಹುಟ್ಟಿದವರಿಗೆಲ್ಲ ಅದು ಕಡ್ಡಾಯ.

ವಾಪಸ್ ಬರುವಾಗ ಸ್ಕೋಪನ್ನು ಊರಿಗೆ ತರಬಹುದಾ?

ಸೂಟ್‌ಕೇಸಿಗೆ ಹಾಕಿಕೊಂಡು ಹೊರಡಬೇಡಿ. ರೈಫಲ್ ಸ್ಕೋಪ್ ಅಮೆರಿಕದ ರಫ್ತು ನಿಯಂತ್ರಣದ ಪಟ್ಟಿಯಲ್ಲಿದೆ, ಥರ್ಮಲ್ ಮೇಲೆ ಇನ್ನೂ ಬಿಗಿ. ಅನುಮತಿ ಇಲ್ಲದೆ ತಂದರೂ ಅಂಚೆಯಲ್ಲಿ ಕಳಿಸಿದರೂ ಅಪರಾಧ. ಕೊಡಗಿನಲ್ಲಿ ಮನೆಯಲ್ಲಿ ಕೋವಿ ಇರುವ ಎಷ್ಟೋ ಜನ ಇದನ್ನು ಕೇಳುತ್ತಾರೆ. ಕೋವಿ ಇಟ್ಟುಕೊಳ್ಳಲು ಅಲ್ಲಿನವರಿಗೆ ಲೈಸೆನ್ಸಿನಿಂದ ವಿನಾಯಿತಿ ಇರಬಹುದು, ಬೇಟೆಗೆ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಮ್ಮ ಗುಳ್ಳೆನರಿ, ತೋಳ ಎರಡಕ್ಕೂ ರಕ್ಷಣೆ ಇದೆ. ಹೊರಡುವ ಮುಂಚೆ ಸ್ಕೋಪನ್ನು ಅಲ್ಲೇ ಮಾರಿಬಿಡಿ. ಡಬ್ಬಿ, ರಸೀದಿ ಇಟ್ಟುಕೊಂಡಿದ್ದರೆ ಒಳ್ಳೆಯ ಬೆಲೆಯೇ ಬರುತ್ತದೆ.